ಆಳ ಕಡಲ ಬಸವನಹುಳು: ಚಿಪ್ಪು ನೋಡಿ ಪ್ರಭೇದ ಹೇಳಬಹುದೇ?

ಪರ

ಕಲಬುರಗಿಯ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಆಳ ಕಡಲಿನಿಂದ ಏನಾದರೂ ತಲುಪುವುದಿದ್ದರೆ ಅದು ಚಿಪ್ಪು ಮಾತ್ರ. ಹಡಗಿನವರ ಬಲೆಗೂ ಎಷ್ಟೋ ಸಲ ಬೀಳುವುದು ಒಳಗಿನ ಹುಳು ಕೊಳೆತು ಖಾಲಿಯಾದ ಚಿಪ್ಪೇ. ಹಳೆಯ ಸಂಗ್ರಹಗಳಲ್ಲಿ ಮಾಂಸ ಉಳಿದಿದ್ದರೂ, ಫಾರ್ಮಲಿನ್‌ನಲ್ಲಿ ನೆನೆದ ಮಾಂಸದಿಂದ ಡಿಎನ್ಎ ತೆಗೆಯುವುದು ಹರಸಾಹಸ. ಇರುವುದನ್ನು ಓದದೆ ಇಲ್ಲದ್ದಕ್ಕಾಗಿ ಕಾಯುವುದು ಯಾವ ವಿಜ್ಞಾನ?

ಓದಲು ಅದರಲ್ಲಿ ಬೇಕಾದಷ್ಟಿದೆ. ಚಿಪ್ಪಿನ ತುತ್ತತುದಿಯನ್ನು ಮಸೂರದಡಿ ಇಟ್ಟು ನೋಡಿ. ಅಲ್ಲಿ ಸಾಸಿವೆಗಿಂತ ಸಣ್ಣದೊಂದು ಸುರುಳಿ, ಅದು ಮುಗಿದಲ್ಲಿ ಒಂದು ಗೆರೆ, ಆಮೇಲೆ ಬೇರೆಯದೇ ನೇಯ್ಗೆ. ಆ ಗೆರೆಯವರೆಗಿನದು ಮರಿಯ ಚಿಪ್ಪು. ಸುರುಳಿಗಳು ಸಣ್ಣವಾಗಿ ಹಲವು ಇದ್ದರೆ ಮರಿ ನೀರಿನಲ್ಲಿ ತೇಲುತ್ತ, ತಿನ್ನುತ್ತ ಬೆಳೆದಿರುತ್ತದೆ. ದಪ್ಪನೆಯ ಒಂದೆರಡೇ ಇದ್ದರೆ ಮೊಟ್ಟೆಯ ಬುತ್ತಿಯಲ್ಲೇ ಬೆಳೆದದ್ದು. ಪ್ರಾಣಿ ಸತ್ತರೂ ಅದರ ಬಾಲ್ಯ ಅಳಿಸಿಲ್ಲ.

ಬಾಯಂಚಿನಲ್ಲಿ ಸೀಳು ಇರುವ ಒಂದು ಬಸವನಹುಳು ಕುಟುಂಬವನ್ನು ವಿದ್ವಾಂಸರು ಬಂಡೆಗಳಲ್ಲಿ ಪಳೆಯುಳಿಕೆಯಾಗಿ ಅಷ್ಟೇ ಕಂಡಿದ್ದರು. 1856ರಲ್ಲಿ ಕೆರಿಬಿಯನ್ ಆಳದಿಂದ ಇಂದಿನ ಕಾಲದ ಚಿಪ್ಪೊಂದು ಸಿಕ್ಕಾಗ ಆ ಸೀಳೇ ಅದರ ಕುಟುಂಬ ಹೇಳಿತು. ನಮ್ಮ ಕಡೆಯ ದಖ್ಖನ್ ಲಾವಾ ಪದರಗಳ ನಡುವಿನ ಸಿಹಿನೀರಿನ ಫೈಸಾ ಎಂಬ ಬಸವನಹುಳುವಿನ ಪಳೆಯುಳಿಕೆ ಕೂಡ ಹಾಗೆಯೇ. ತುದಿ ಮೇಲೆ ಮಾಡಿ ಹಿಡಿದರೆ ಅದರ ಬಾಯಿ ಎಡಕ್ಕೆ ತೆರೆಯುತ್ತದೆ, ಅದೇ ಅದರ ಗುರುತು. ಕಲ್ಲಾದ ಜೀವಿಯಲ್ಲಿ ಡಿಎನ್ಎ ಹುಡುಕುವವರು ಯಾರಾದರೂ ಇದ್ದರೆ ಹುಡುಕಲಿ.

ವಿರೋಧ

ಪ್ರಾಯೋಗಿಕ ಪರೀಕ್ಷೆಯ ಸ್ಪಾಟಿಂಗ್ ನಮ್ಮನ್ನು ಕೆಡಿಸಿದೆ. ಮೇಜಿನ ಮೇಲೊಂದು ಚಿಪ್ಪು, ಗಂಟೆ ಬಾರಿಸುವುದರೊಳಗೆ ಹೆಸರು, ಎರಡು ಲಕ್ಷಣ. ಕುಟುಂಬ ಹೇಳಲು ಸೀಳು ಸಾಕೆಂದು ಒಪ್ಪೋಣ. ಇಲ್ಲಿ ಕೇಳಿದ್ದು ಪ್ರಭೇದವನ್ನು.

ಪೆಸಿಫಿಕ್‌ ಸಾಗರತಳದ ಬಿಸಿನೀರಿನ ಬುಗ್ಗೆಗಳ ಬಳಿ ಅಲ್ವಿನಿಕಾಂಕಾ ಎಂಬ, ಚಿಪ್ಪಿನ ಮೇಲೆಲ್ಲ ರೋಮದಂಥ ಹೊದಿಕೆಯ ಹುಳುವಿದೆ. 1988ರಲ್ಲಿ ಅದಕ್ಕೆ ಒಂದು ಪ್ರಭೇದದ ಹೆಸರು ಬಂತು. 2014ರಲ್ಲಿ ಆ ಕುಲಕ್ಕೆ ಇನ್ನೂ ಐದು ಪ್ರಭೇದಗಳು ಸೇರಿದವು, ಒಂದು ನಮ್ಮ ಹಿಂದೂ ಮಹಾಸಾಗರದ್ದು. ಅವುಗಳ ಗಡಿ ಹಾಕಿಕೊಟ್ಟದ್ದು ಡಿಎನ್ಎ. ಚಿಪ್ಪನ್ನು ಎಷ್ಟು ಅಳೆದರೂ ಹಲವು ಒಂದೇ ಥರ.

ತಿರುವುಮುರುವೂ ಆಗುತ್ತದೆ. 2001ರಲ್ಲಿ ಹಿಂದೂ ಮಹಾಸಾಗರದ ಕೈರೇ ಬುಗ್ಗೆಯಲ್ಲಿ ಸಿಕ್ಕ ಕ್ರೈಸೊಮ್ಯಾಲನ್ ಎಂಬ ಹುಳುವಿನ ಚಿಪ್ಪಿಗೆ ಕಬ್ಬಿಣದ ಸಲ್ಫೈಡಿನ ಕಪ್ಪು ಹೊರಪದರ, ಪಾದದ ತುಂಬ ಅದೇ ಲೇಪದ ಹುರುಪೆ. ಸಾಲಿಟೇರ್ ಎಂಬ ಇನ್ನೊಂದು ಬುಗ್ಗೆಯಲ್ಲಿ ಸಿಕ್ಕದ್ದು ಬೆಳ್ಳಗಿದೆ, ಕಬ್ಬಿಣದ ಲೇಪವೇ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ವಿದ್ಯಾರ್ಥಿಯೂ ಎರಡು ಹೆಸರು ಬರೆದಾನು. ಪ್ರಭೇದ ಒಂದೇ. ಬೇರೆಯಾಗಿರುವುದು ನೀರಿನಲ್ಲಿನ ಕಬ್ಬಿಣದ ಪ್ರಮಾಣ.

ಆ ತುತ್ತತುದಿಯ ಬಾಲ್ಯಕಥೆ ಸೊಗಸಾಗಿದೆ, ನಿಜ. ಆದರೆ ಬುಗ್ಗೆಯ ಆಮ್ಲೀಯ ನೀರು ಮೊದಲು ತಿನ್ನುವುದು ಅದನ್ನೇ. ಬೆಳೆದ ಹುಳುಗಳಲ್ಲಿ ಅದು ಸಾಮಾನ್ಯವಾಗಿ ಸವೆದುಹೋಗಿರುತ್ತದೆ.

ಹೆಸರು ತಪ್ಪಿದರೆ ಏನು ಮುಳುಗಿತು ಎನ್ನುವವರಿಗೆ ಒಂದು ಮಾತು. ಸಮುದ್ರತಳದ ಗಣಿಗಾರಿಕೆಯ ಭೀತಿಯಿಂದ ಕ್ರೈಸೊಮ್ಯಾಲನ್ 2019ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಅಂಥ ಪಟ್ಟಿಗೆ ಸೇರಲು ಪ್ರಭೇದ ಎಷ್ಟು ಕಡೆ ಬದುಕಿದೆ ಎಂಬ ಲೆಕ್ಕ ಬೇಕು. ಒಂದೇ ಬುಗ್ಗೆಯಲ್ಲಿರುವ ಜೀವಿಯನ್ನು ಚಿಪ್ಪಿನ ಹೋಲಿಕೆಯಿಂದ ಎಲ್ಲೆಡೆ ಇರುವ ಜೀವಿಯೆಂದು ಬರೆದುಬಿಟ್ಟರೆ, ಆ ಬುಗ್ಗೆಯನ್ನು ಅಗೆಯಲು ಯಾರೂ ಅಡ್ಡ ಬರುವುದಿಲ್ಲ.