ಮಿನಿಮಮ್ ಕಟ್ಟಿದ್ರೆ ಸಾಕಲ್ವಾ ಸರ್?

ಮೊನ್ನೆ ಊಟದ ಹೊತ್ತಲ್ಲಿ ಆಫೀಸಿನ ಹುಡುಗನೊಬ್ಬ ಫೋನಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲು ತೋರಿಸಿ ಕೇಳಿದ, "ಸರ್, ಮಿನಿಮಮ್ ಡ್ಯೂ ಕಟ್ಟಿದ್ರೆ ಸಾಕಲ್ವಾ?" ಎರಡು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

2023ರ ಜುಲೈನಲ್ಲಿ ನನ್ನ ಕಾರ್ಡಿನ ಬಾಕಿ 1,20,000 ರೂಪಾಯಿ. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ 4,200. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 756. ಅಲ್ಲಿಗೆ 4,956. ಪೂರ್ತಿ ಆಗದಿದ್ದರೆ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬ್ಯಾಂಕು ಕೇಳಿದ ಮಿನಿಮಮ್ 6,000. ಶಿಸ್ತಾಗಿ ಕಟ್ಟಿದೆ. ಸಾಲ ಇಳಿದದ್ದು ಬರೀ 1,044. ಅದೇ ತಿಂಗಳು ಕಾರ್ಡ್ ಉಜ್ಜಿ 1,500ರ ಪೆಟ್ರೋಲ್ ಹಾಕಿಸಿದ್ದೆ. ಅಲ್ಲಿಗೆ ಇಳಿದದ್ದೂ ಹೋಯ್ತು!

ಹಳೇ ಬಾಕಿ ಇದ್ದರೆ ಹೊಸ ಖರೀದಿಗೆ ಬಿಲ್ಲಿನ ಗಡುವಿನವರೆಗಿನ ಬಡ್ಡಿಯಿಲ್ಲದ ದಿನಗಳೂ ಸಿಗುವುದಿಲ್ಲ. ಬೆಳಿಗ್ಗೆ ಕಾರ್ಡಲ್ಲಿ ತಂದ ಹಾಲಿಗೂ ಅವತ್ತಿನಿಂದಲೇ ಬಡ್ಡಿ. ಇದು ನನಗೆ ಗೊತ್ತಾದಾಗ ಎರಡು ವರ್ಷ ಕಳೆದಿತ್ತು.

ಮಿನಿಮಮ್ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ಬಾಕಿದಾರ ಅಂತ ಹೆಸರು ಬರುವುದಿಲ್ಲ. ಅಷ್ಟೇ. ನಮ್ಮೂರಲ್ಲಿ ಮೂರು ರೂಪಾಯಿ ಬಡ್ಡಿಗೆ ದುಡ್ಡು ಬಿಡುವವನನ್ನು ರಕ್ತ ಹೀರೋನು ಅಂತಾರೆ. ನಾನು ಜಿಎಸ್‌ಟಿ ಸೇರಿ ನಾಲ್ಕು ರೂಪಾಯಿ ದಾಟಿದ ಬಡ್ಡಿ ಕಟ್ಟುತ್ತಾ ರಿವಾರ್ಡ್ ಪಾಯಿಂಟ್ ಎಣಿಸುತ್ತಾ ಕೂತಿದ್ದೆ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕಬಾರದು ಅಂತ ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಹಾಗಾಗಿ ಯಾರೋ ಬಂದು ಬಡ್ಡಿ ಇಳಿಸ್ತಾರೆ ಅಂತ ಕಾಯುವುದು ದಂಡ.

ಈ ಸಾಲ ಯಾಕಾಯ್ತು ಅಂದರೆ, "ಅಪ್ಪನ ಆಪರೇಷನ್ನಿಗೆ" ಅಂತ ಎಲ್ಲರಿಗೂ ಹೇಳುತ್ತಿದ್ದೆ. ಒಂದು ರಾತ್ರಿ ಹಳೇ ಸ್ಟೇಟ್‌ಮೆಂಟುಗಳನ್ನೆಲ್ಲ ತೆಗೆದು ಕೂಡಿಸಿದೆ. ಆಸ್ಪತ್ರೆಗೆ ಹೋದದ್ದು 38,000. ಮಿಕ್ಕಿದ್ದು ಫೋನು, ದಸರಾ ಆಫರಿನಲ್ಲಿ ತಂದ ಫ್ರಿಜ್ಜು, ಮನೆ ಬಾಗಿಲಿಗೆ ತರಿಸಿದ ಬಿರಿಯಾನಿ, ಮತ್ತೆ ಬಡ್ಡಿ. ಅಪ್ಪನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ.

ಹೆಂಡತಿಗೆ ಮಾತ್ರ ಹೇಳಲೇಬೇಕಾಯ್ತು. ಅವಳು ಬೈಯಲಿಲ್ಲ. ಬೀರು ತೆಗೆದು ಅವಲಕ್ಕಿ ಸರ ತಂದು ಮೇಜಿನ ಮೇಲಿಟ್ಟಳು. 32 ಗ್ರಾಂ. ಬ್ಯಾಂಕಿನಲ್ಲಿ ಅಡ ಇಟ್ಟು 1,20,000 ತಂದು ಕಾರ್ಡಿನ ಬಾಕಿ ಪೂರ್ತಿ ತೀರಿಸಿದೆವು. ಒಡವೆ ಸಾಲದ ಬಡ್ಡಿ ವರ್ಷಕ್ಕೆ ಶೇ 9.5. ತಿಂಗಳಿಗೆ 950 ರೂಪಾಯಿ. ಎಲ್ಲಿಯ 4,956, ಎಲ್ಲಿಯ 950! ತಿಂಗಳಿಗೆ 9,000ದಂತೆ ಕಟ್ಟಿ ಸರ ಬಿಡಿಸಲು 14 ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳ ತವರಲ್ಲಿ ಎರಡು ಮದುವೆ. ಒನ್ ಗ್ರಾಂ ಗೋಲ್ಡಿನ ಸರ ಹಾಕಿಕೊಂಡು ಹೋದಳು. ಅವಳ ಚಿಕ್ಕಮ್ಮ ಅದನ್ನು ಬೆರಳಲ್ಲಿ ಎತ್ತಿ ನೋಡಿ, ಏನೂ ಹೇಳದೆ ಬಿಟ್ಟರು. ನಾನು ಪಕ್ಕದಲ್ಲೇ ಎಲೆ ಮುಂದೆ ಕೂತಿದ್ದೆ.

ಒಡವೆ ಇಲ್ಲದವರು ಬ್ಯಾಂಕಿನ ಪರ್ಸನಲ್ ಲೋನ್ ವಿಚಾರಿಸಬಹುದು, ಅದರ ಬಡ್ಡಿಯೂ ಸಾಮಾನ್ಯವಾಗಿ ಕಾರ್ಡಿಗಿಂತ ಕಡಿಮೆ. "ಅರ್ಧ ಕಟ್ಟಿ ಸೆಟಲ್ ಮಾಡ್ಕೊಳ್ಳಿ ಸಾರ್" ಅಂತ ಫೋನ್ ಬಂದರೆ ಮಾತ್ರ ಹುಷಾರು. ನಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಸೆಟಲ್ಡ್, ಅಂದರೆ ಪೂರ್ತಿ ಕಟ್ಟಿಲ್ಲ ಅಂತ ಬಿದ್ದರೆ ಮುಂದೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ.

ಎರಡು ಕಾರ್ಡಿನಲ್ಲಿ ಒಂದನ್ನು ಮುಚ್ಚಿಸಿದೆ. ಬಾಕಿ ಇಲ್ಲದಿದ್ದರೆ ಕೇಳಿದ ಏಳು ಕೆಲಸದ ದಿನದೊಳಗೆ ಬ್ಯಾಂಕು ಮುಚ್ಚಬೇಕು, ತಪ್ಪಿದರೆ ಅದಕ್ಕೆ ದಿನಕ್ಕೆ 500 ರೂಪಾಯಿ ದಂಡ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅದನ್ನು ಹೇಳಿದ ಮೇಲೆ ಫೋನಿನ ಆ ಕಡೆಯ ಬ್ಯಾಂಕಿನ ಹುಡುಗಿಯ ದನಿ ಸ್ವಲ್ಪ ಮೆತ್ತಗಾಯ್ತು. ಇನ್ನೊಂದರ ಲಿಮಿಟ್ 40,000ಕ್ಕೆ ಇಳಿಸಿದ್ದೇನೆ, ನನ್ನ ಸಂಬಳಕ್ಕಿಂತ ಕಡಿಮೆ. ಪೂರ್ತಿ ಬಿಲ್ಲು ಖಾತೆಯಿಂದ ತಾನೇ ಕಟ್ ಆಗುತ್ತದೆ. ಲಿಮಿಟ್ ಜಾಸ್ತಿ ಮಾಡ್ತೀವಿ ಅಂತ ತಿಂಗಳಿಗೊಮ್ಮೆ ಫೋನ್ ಬರುತ್ತದೆ. ಬೇಡ ಅಂದರೆ ಅವರಿಗೇ ಬೇಜಾರು.

ಆ ಹುಡುಗನ ಬಾಕಿ 74,000. ಅಮ್ಮನ ಬಳೆ ಇದೆಯಂತೆ, ಕೇಳೋಕೆ ಮುಖ ಇಲ್ಲ ಅಂದ. ಕೊನೆಗೆ ಭಾನುವಾರ ಊರಿಗೆ ಹೋಗಿ ಹೇಳ್ತೀನಿ ಅಂತ ಒಪ್ಪಿದ. ಬಸ್ಸಿನ ಟಿಕೆಟ್ ಅದೇ ಕಾರ್ಡಲ್ಲಿ ಬುಕ್ ಮಾಡಿದ್ದಾನಂತೆ.