ರಟ್ಟಿನ ಬಣ್ಣ ಹೇಳಿ ಸರ್

ಹಲಸು ಬೆಳೆಯೋದರ ಬಗ್ಗೆ ಒಂದು ಕನ್ನಡ ಪುಸ್ತಕ ಬೇಕಿತ್ತು. ಲೈಬ್ರರಿಗೆ ಹೋದೆ.

"ಹಲಸಾ? ರಟ್ಟು ಯಾವ ಬಣ್ಣ ಸರ್?"

ತಮಾಷೆ ಅಂದುಕೊಂಡೆ. ಅಲ್ಲ, ಅಲ್ಲಿನ ಪದ್ಧತಿಯೇ ಅದು. ದಪ್ಪನೆಯವು ಕೆಳಗೆ, ತೆಳ್ಳಗಿನವು ಮೇಲೆ, ಹೊಳೆಯುವ ರಟ್ಟಿನವು ಬಾಗಿಲ ಎದುರಿಗೆ. ಗಾಜಿನ ಬೀರುಗಳ ಮೇಲೆ ವಿಷಯದ ಹೆಸರಿಲ್ಲ, ದಾನಿಗಳ ಹೆಸರಿದೆ. ಬೀಗದ ಕೈ ರಜೆ ಮೇಲೆ ಹೋದವರ ಜೇಬಿನಲ್ಲಿ.

ಗೋಡೆಯ ಮೇಲೆ ಎಸ್.ಆರ್. ರಂಗನಾಥನ್ ಫೋಟೋ. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಹಾಕಿದ್ದ ಹಾರ ಒಣಗಿ ನೇತಾಡುತ್ತಿತ್ತು. ಪುಸ್ತಕ ಹುಡುಕೋದು ಹೇಗೆ ಅಂತ ಲೋಕಕ್ಕೇ ಪಾಠ ಹೇಳಿದ ಮನುಷ್ಯ ಇವರು. ವಿಷಯವನ್ನು ಬಿಡಿಬಿಡಿಯಾಗಿ ಒಡೆದು, ಕೋಲನ್ (:) ಚಿಹ್ನೆ ಹಾಕಿ ಜೋಡಿಸುವ ಪದ್ಧತಿಯನ್ನು 1933ರಲ್ಲೇ ಪ್ರಕಟಿಸಿದರು. ಯಾವ ಬೆಳೆ, ಏನು ರೋಗ, ಎಲ್ಲಿ, ಯಾವಾಗ, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ರಟ್ಟಿನ ಬಣ್ಣ ಒಂದು ಬಿಟ್ಟುಹೋಯಿತು, ಪಾಪ. 1962ರಲ್ಲಿ ಬೆಂಗಳೂರಿನಲ್ಲೇ ಇದಕ್ಕೊಂದು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು: ಓದುಗರ ಹೊತ್ತು ಉಳಿಸಿ. ಆ ಫೋಟೋ ಕೆಳಗೇ ನಾನು ಎರಡು ಗಂಟೆ ಹುಡುಕಿದೆ.

ಬೇರೆ ಕಡೆ ಎಲ್ಲ ಸರಿ ಇದೆ ಅಂತೇನಲ್ಲ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಲೋಕದ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿ, ಪುಸ್ತಕ ಜೋಡಿಸೋಕೆ ಒಂದೊಂದು ವಿಷಯಕ್ಕೂ ಒಂದು ನಂಬರು ಕೊಟ್ಟ. ಸಾಹಿತ್ಯದಲ್ಲಿ ಅಮೆರಿಕಕ್ಕೆ 810, ಇಂಗ್ಲಿಷಿಗೆ 820, ಒಬ್ಬೊಬ್ಬರಿಗೂ ಸ್ವಂತ ಮನೆ. ಕನ್ನಡಕ್ಕೆ? 894.814. 890ರ 'ಇತರೆ' ಅನ್ನೋ ವಠಾರದಲ್ಲಿ ಒಂದು ಕೋಣೆ. ಪಂಪ, ಬಸವಣ್ಣ, ಕುವೆಂಪು ಎಲ್ಲರೂ ಅಲ್ಲೇ. ಆಚೆ ಕೋಣೆಯಲ್ಲಿ ಹಂಗೇರಿಯವರು, ಈಚೆ ಫಿನ್ಲೆಂಡಿನವರು. ಆದರೂ ವಿಳಾಸ ಅಂತ ಒಂದಿದೆಯಲ್ಲ, ಹುಡುಕಿಕೊಂಡು ಹೋಗಬಹುದು.

ಕೊನೆಗೆ ಲೈಬ್ರರಿಯವರಿಗೇ ನನ್ನ ಮೇಲೆ ಕನಿಕರ ಬಂತು. "ನಮ್ಮ ಹಳೇ ಸರ್‌ಗೆ ಗೊತ್ತಿರುತ್ತೆ ತಾಳಿ" ಅಂತ ರಿಟೈರಾದವರಿಗೆ ಫೋನ್ ಮಾಡಿದರು. ಆ ಕಡೆ ಮೊಮ್ಮಗು ಅಳುತ್ತಿತ್ತು. "ನಾಲ್ಕನೇ ರ‍್ಯಾಕು, ಎರಡನೇ ಸಾಲು, ಕಾನೂನು ಪುಸ್ತಕದ ಹಿಂದೆ. ನೀಲಿ ರಟ್ಟು."

ಅಲ್ಲೇ ಇತ್ತು! ಧೂಳು ಒರೆಸಿದೆ. ಬೆನ್ನ ಮೇಲೆ ಹಳೇ ಚೀಟಿಯೂ ಇತ್ತು. ಹಣ್ಣು, ತೋಟಕ್ಕೆ ಡ್ಯೂಯಿ ಕೊಟ್ಟಿದ್ದು 634. ಚೀಟಿಯಲ್ಲಿದ್ದದ್ದು 894.814.

"ಕನ್ನಡದಲ್ಲಿ ಇದೆಯಲ್ಲ ಸರ್, ಅದಕ್ಕೇ ಕನ್ನಡ ಸಾಹಿತ್ಯ" ಅಂದರು.