ಲೀಗ್ ಗೆದ್ದವರಿಗೋ, ನಾಕೌಟ್ ಗೆದ್ದವರಿಗೋ? ಮಾರ್ಚ್ ಮ್ಯಾಡ್‌ನೆಸ್‌ನ ನೇರ ಸ್ಥಾನದ ಪ್ರಶ್ನೆ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಟೂರ್ನಿಗೆ, ಅಂದರೆ ಮಾರ್ಚ್ ಮ್ಯಾಡ್‌ನೆಸ್‌ಗೆ, 2011ರಿಂದ 68 ತಂಡಗಳು ಬರುತ್ತಿದ್ದವು. ಅದರಲ್ಲಿ ಅರ್ಹ ಕಾನ್ಫರೆನ್ಸ್‌ಗಳಿಗೆ, ಅಂದರೆ ತಮ್ಮೊಳಗೇ ಲೀಗ್ ಆಡುವ ಕಾಲೇಜುಗಳ ಗುಂಪುಗಳಿಗೆ, ತಲಾ ಒಂದು ನೇರ ಸ್ಥಾನ. ಅದು ಯಾರಿಗೆಂದು ಕಾನ್ಫರೆನ್ಸ್‌ಗಳೇ ನಿರ್ಧರಿಸುತ್ತವೆ. 2017ರಲ್ಲಿ ಐವಿ ಲೀಗ್ ಎಂಬ ಕಾನ್ಫರೆನ್ಸ್ ಕೂಡ ನಾಕೌಟ್ ಆರಂಭಿಸಿದ ಮೇಲೆ, ಋತುವಿನ ಕೊನೆಗೆ ಕಾನ್ಫರೆನ್ಸ್‌ನೊಳಗೇ ನಡೆಯುವ ನಾಕೌಟ್ ಗೆದ್ದವರಿಗೇ ಅದನ್ನು ಕೊಡುವುದು ಎಲ್ಲೆಡೆ ರೂಢಿಯಾಯಿತು. ಈ ರೂಢಿ ಸರಿಯೇ?

ಪರ: ನಾಕೌಟ್ ಗೆದ್ದವರಿಗೇ ಸಲ್ಲಲಿ

2018ರಲ್ಲಿ ಅಮೆರಿಕ ಈಸ್ಟ್ ಲೀಗ್‌ನಲ್ಲಿ ವರ್ಮಾಂಟ್ ಅಗ್ರಸ್ಥಾನದಲ್ಲಿತ್ತು. ಯುಎಂಬಿಸಿ ಎಂಬ ವಿಶ್ವವಿದ್ಯಾಲಯದ ತಂಡವನ್ನು ಲೀಗ್ ಹಂತದಲ್ಲಿ ಎರಡು ಸಲವೂ ಸೋಲಿಸಿತ್ತು. ಆದರೆ ನಾಕೌಟ್ ಫೈನಲ್‌ನಲ್ಲಿ, ಅದೂ ವರ್ಮಾಂಟ್‌ನ ತವರಿನಲ್ಲೇ, ಜೈರಸ್ ಲೈಲ್ಸ್ ಕೊನೇ ಕ್ಷಣದಲ್ಲಿ ಹಾಕಿದ ತ್ರೀ-ಪಾಯಿಂಟರ್‌ನಿಂದ ಯುಎಂಬಿಸಿ 65-62ರಲ್ಲಿ ಗೆದ್ದಿತು. ಅದೇ ವಾರದೊಳಗೆ, ಎನ್‌ಸಿಎಎ ಟೂರ್ನಿಯಲ್ಲಿ 16ನೇ, ಅಂದರೆ ತನ್ನ ವಿಭಾಗದ ಕಟ್ಟಕಡೆಯ, ಶ್ರೇಯಾಂಕದ ಆ ತಂಡ ಅಗ್ರ ಶ್ರೇಯಾಂಕದ ವರ್ಜೀನಿಯಾವನ್ನು 74-54ರಿಂದ ಮಣಿಸಿತು. ಪುರುಷರ ಟೂರ್ನಿಯಲ್ಲಿ ಹಾಗಾದದ್ದು ಅದೇ ಮೊದಲು. ಲೀಗ್ ಪಟ್ಟಿಯನ್ನೇ ನಂಬಿದ್ದರೆ ಯುಎಂಬಿಸಿ ಆ ಅಂಕಣಕ್ಕೆ ಕಾಲಿಡುತ್ತಲೇ ಇರಲಿಲ್ಲ.

ಲೀಗ್ ಪಟ್ಟಿಯೂ ಪೂರ್ತಿ ನ್ಯಾಯದ್ದೇನಲ್ಲ. 18 ತಂಡಗಳಿರುವ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಎಂಬ ದೊಡ್ಡ ಕಾನ್ಫರೆನ್ಸ್‌ನಲ್ಲಿ ಪ್ರತಿ ಎದುರಾಳಿಯೊಂದಿಗೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡಲು 34 ಪಂದ್ಯ ಬೇಕು. ನಾಕೌಟ್‌ಗೆ ಮುನ್ನ ಇಡೀ ಋತುವಿನಲ್ಲೇ ಅಷ್ಟು ಪಂದ್ಯಗಳಿರುವುದಿಲ್ಲ. ಹಾಗಾಗಿ ಯಾರಿಗೆ ಯಾವ ತಂಡದ ವಿರುದ್ಧ ಎರಡು ಪಂದ್ಯ ಬಿತ್ತು ಎಂಬುದರ ಮೇಲೂ ಪಟ್ಟ ನಿಂತಿರುತ್ತದೆ.

ಇನ್ನು ಫೆಬ್ರವರಿ ಬಂತೆಂದರೆ, ನಾಕೌಟ್ ಇಲ್ಲದ ಲೀಗ್‌ನ ಕೆಳಗಿನ ಅರ್ಧದ ತಂಡಗಳಿಗೆ ಆಡಲು ಕಾರಣವೇ ಉಳಿಯುವುದಿಲ್ಲ. 2024ರಲ್ಲಿ ಎನ್‌ಸಿ ಸ್ಟೇಟ್ ಎಸಿಸಿ ನಾಕೌಟ್‌ಗೆ ಬಂದದ್ದು 10ನೇ ಸ್ಥಾನದಿಂದ. ಐದು ದಿನ, ಐದು ಪಂದ್ಯ, ಐದೂ ಗೆಲುವು. ಆಮೇಲೆ ಎನ್‌ಸಿಎಎ ಟೂರ್ನಿಯ ಸೆಮಿಫೈನಲ್ ಆದ ಫೈನಲ್ ಫೋರ್‌ವರೆಗೂ ಹೋಯಿತು. ಅದನ್ನು ಬರೀ ಅದೃಷ್ಟ ಎನ್ನಲಾಗದು: ಕಾಲು ಸೋತಾಗ ಜಂಪ್ ಶಾಟ್ ಗಿಡ್ಡವಾಗಿ ರಿಮ್‌ನ ಮುಂಭಾಗಕ್ಕೇ ಬಡಿಯುತ್ತದೆ. ಐದನೇ ದಿನವೂ ಚೆಂಡು ಬುಟ್ಟಿ ಸೇರಬೇಕಾದರೆ ತಂಡದಲ್ಲಿ ಕಸುವಿರಲೇಬೇಕು.

ವಿರೋಧ: ಋತುವಿಡೀ ಗೆದ್ದವರನ್ನು ಹೊರಗಟ್ಟಬೇಡಿ

ಐವಿ ಲೀಗ್‌ನಲ್ಲಿ ಎಂಟೇ ತಂಡ, ತಲಾ 14 ಪಂದ್ಯ, ಎಲ್ಲರೂ ಎಲ್ಲರೊಂದಿಗೆ ಎರಡೆರಡು ಬಾರಿ. ಅಸಮ ವೇಳಾಪಟ್ಟಿಯ ವಾದ ಇಲ್ಲಿ ನಡೆಯುವುದಿಲ್ಲ. ಆದರೂ 2017ರಲ್ಲಿ ಲೀಗ್‌ನಲ್ಲಿ 14-0 (14 ಗೆಲುವು, ಸೋಲೇ ಇಲ್ಲ) ಸಾಧಿಸಿದ ಪ್ರಿನ್ಸ್‌ಟನ್, ನಾಕೌಟ್‌ನಲ್ಲಿ 6-8ರ ಪೆನ್ ತಂಡವನ್ನು ಪೆನ್‌ನದೇ ತವರಾದ ಪ್ಯಾಲೆಸ್ಟ್ರಾದಲ್ಲಿ ಎದುರಿಸಬೇಕಾಯಿತು. ಕೊನೇ ಗಳಿಗೆಯ ಒಂದು ಟಿಪ್-ಇನ್‌ನಿಂದ (ಪುಟಿದ ಚೆಂಡನ್ನು ಬುಟ್ಟಿಗೆ ತಟ್ಟಿ) ಸಮಬಲ ಮಾಡಿಕೊಂಡು, ಓವರ್‌ಟೈಮ್‌ನಲ್ಲಿ 72-64ರಿಂದ ಬಚಾವಾಯಿತು. ಆ ಚೆಂಡು ಆಚೆ ಬಿದ್ದಿದ್ದರೆ ಎರಡು ತಿಂಗಳ ಅಜೇಯ ಆಟಕ್ಕೆ ಏನು ಬೆಲೆ?

ಎಲ್ಲರಿಗೂ ಹಾಗೆ ಪಾರಾಗುವ ಭಾಗ್ಯವಿಲ್ಲ. 2024ರಲ್ಲಿ ಮಿಸ್ಸೂರಿ ವ್ಯಾಲಿಯ ಲೀಗ್ ಗೆದ್ದ ಇಂಡಿಯಾನಾ ಸ್ಟೇಟ್, ನಾಕೌಟ್ ಫೈನಲ್‌ನಲ್ಲಿ ಡ್ರೇಕ್‌ಗೆ 84-80ರಲ್ಲಿ ಸೋತು, 28-6ರ ದಾಖಲೆಯೊಂದಿಗೆ ಹೊರಗುಳಿಯಿತು. ಆದರೆ 2016ರಲ್ಲಿ ಹೋಲಿ ಕ್ರಾಸ್ 14-19 ದಾಖಲೆಯೊಂದಿಗೆ ಒಳಗೆ ಬಂದಿತ್ತು!

ದೊಡ್ಡ ಕಾನ್ಫರೆನ್ಸ್‌ಗೆ ಈ ಪೆಟ್ಟು ತಾಗುವುದೇ ಇಲ್ಲ. 1974ರಲ್ಲಿ ಎಸಿಸಿ ಫೈನಲ್‌ನಲ್ಲಿ 103-100ರಿಂದ ಓವರ್‌ಟೈಮ್‌ನಲ್ಲಿ ಸೋತ ಮೇರಿಲ್ಯಾಂಡ್‌ಗೆ ಎನ್‌ಸಿಎಎ ಬಾಗಿಲು ಮುಚ್ಚಿತ್ತು. ಆಗ ಒಂದು ಕಾನ್ಫರೆನ್ಸ್‌ಗೆ ಒಂದೇ ಸ್ಥಾನ. ಮರುವರ್ಷವೇ ಟೂರ್ನಿ 32 ತಂಡಗಳಿಗೆ ಹಿಗ್ಗಿ, ಸೋತ ಬಲಿಷ್ಠರಿಗೂ ಆಯ್ಕೆ ಸಮಿತಿ ಜಾಗ ಕೊಡತೊಡಗಿತು. ಇಂದು ಎಸಿಸಿಯ ಲೀಗ್ ವಿಜೇತರು ನಾಕೌಟ್ ಸೋತರೂ ನಿರಾಳ. ಒಂದೇ ಸ್ಥಾನ ಸಿಗುವ ಸಣ್ಣ ಲೀಗ್‌ಗಳು ಮಾತ್ರ ಇನ್ನೂ 1974ರಲ್ಲೇ ಇವೆ.

ನಷ್ಟ ಆ ತಂಡದ್ದಷ್ಟೇ ಅಲ್ಲ. ಫೈನಲ್ ಬಿಟ್ಟು ಟೂರ್ನಿಯಲ್ಲಿ ಆಡಿದ ಪ್ರತಿ ಪಂದ್ಯಕ್ಕೂ ಕಾನ್ಫರೆನ್ಸ್‌ಗೆ ಒಂದು 'ಯುನಿಟ್' ಹಣ ಆರು ವರ್ಷ ಕಂತಿನಲ್ಲಿ ಬರುತ್ತದೆ. ದುರ್ಬಲ ತಂಡ ಹೋದರೆ 16ನೇ ಶ್ರೇಯಾಂಕ, ಮೊದಲ ಸುತ್ತಿಗೇ ದೈತ್ಯರು ಎದುರು; ಎರಡನೇ ಯುನಿಟ್ ಕನಸಿನ ಮಾತು. ಬಲಿಷ್ಠ ತಂಡಕ್ಕೆ 12 ಅಥವಾ 13ನೇ ಶ್ರೇಯಾಂಕ ಸಿಕ್ಕರೆ ಒಂದು ಪಂದ್ಯ ಗೆಲ್ಲುವ ಆಸೆಗೆ ಅರ್ಥವಿದೆ.

ಯುಎಂಬಿಸಿಯ ಕಥೆ ಅದ್ಭುತವೇ ಸರಿ, ಆದರೆ ಅಂಥ ಒಂದು ರಾತ್ರಿಗಾಗಿ ಪ್ರತಿ ವರ್ಷ ಹಲವು ಲೀಗ್ ಚಾಂಪಿಯನ್ನರನ್ನು ಬಲಿ ಕೊಡಬೇಕಾಗಿಲ್ಲ. ನಾಕೌಟ್ ಬೇಕೇ ಬೇಕೆಂದರೆ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಬಳಸಿದ ಏಣಿ ಕ್ರಮವಿದೆ: ಮೊದಲೆರಡು ತಂಡ ನೇರ ಸೆಮಿಫೈನಲ್‌ಗೆ, ಕೆಳಗಿನವರು ಒಂದೊಂದೇ ಮೆಟ್ಟಿಲು ಹತ್ತಿ ಬರಬೇಕು. ಇದರ ಜತೆಗೆ ಸೆಮಿಫೈನಲ್, ಫೈನಲ್ ಎರಡನ್ನೂ ಲೀಗ್ ವಿಜೇತರ ತವರಿನಲ್ಲೇ ಆಡಿಸಲಿ.